"ಗ್ರೂಮಿಂಗ್ ಅಂದ್ರೆ ಮದುವೆ ಗಂಡಾ ಸಾರ್?"



ಶಿರಾ ಗೇಟಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್‌ಬುಕ್ಕು, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಹೋದ ವರ್ಷ ಒಂದು ಕನ್ನಡ ಮಾಧ್ಯಮ ಶಾಲೆಯವರು ಮಕ್ಕಳಿಗೆ ಹಂಚಲೆಂದು ಇಂಟರ್‌ನೆಟ್ ಸುರಕ್ಷತೆಯ ಕರಪತ್ರ ಮಾಡಿಸಿದರು. 500 ಪ್ರತಿ. ಮೇಲಿಂದ ಕೆಳಗಿನವರೆಗೆ ಬರೀ ಇಂಗ್ಲಿಷು! "ಕನ್ನಡದಲ್ಲಿ ಹಾಕೋಣ ಸಾರ್, ನುಡಿಯಲ್ಲಿ ನಾನೇ ಟೈಪ್ ಮಾಡಿಕೊಡ್ತೀನಿ, ಅದಕ್ಕೆ ಕಾಸು ಬೇಡ" ಅಂದೆ. "ಇಂಗ್ಲಿಷಲ್ಲಿದ್ರೆ ಒಂದು ಗತ್ತು ಇರುತ್ತೆ, ಬಿಡ್ರಿ" ಅಂದರು. ಅಚ್ಚು ಹಾಕಿದೆ. ದುಡ್ಡೂ ತಗೊಂಡೆ, ಸುಳ್ಳು ಹೇಳುವುದಿಲ್ಲ.

ಕಟ್ಟು ಒಯ್ಯಲು ಬಂದ ಒಂಬತ್ತನೇ ಕ್ಲಾಸಿನ ಹುಡುಗನನ್ನು ಕೇಳಿದೆ: "ಇದರಲ್ಲಿ ಗ್ರೂಮಿಂಗ್ ಅಂತ ಇದೆಯಲ್ಲಪ್ಪಾ, ಹಂಗಂದ್ರೇನು?" ಗೋಡೆ ಮೇಲಿದ್ದ ಲಗ್ನಪತ್ರಿಕೆ ಸ್ಯಾಂಪಲ್‌ಗಳ ಕಡೆ ನೋಡಿ ಹುಡುಗ ಹೇಳಿದ, "ಮದುವೆ ಗಂಡಾ ಸಾರ್?"

ಪ್ರೆಸ್ಸಿನಲ್ಲಿದ್ದವರೆಲ್ಲ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ಗ್ರೂಮಿಂಗ್ ಅಂದರೆ, ಯಾರೋ ಅಪರಿಚಿತ ಆಟದ ಆಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಮಗುವಿನ ಸ್ನೇಹ ಮಾಡುತ್ತಾನೆ. ತಿಂಗಳುಗಟ್ಟಲೆ ಹೊಗಳುತ್ತಾನೆ. "ಇದು ನಮ್ಮಿಬ್ಬರಲ್ಲೇ ಇರಲಿ" ಅನ್ನುತ್ತಾನೆ. ಒಂದು ಫೋಟೊ ಕೇಳುತ್ತಾನೆ. ಕೊಟ್ಟ ಮರುದಿನವೇ, "ಇನ್ನೊಂದು ಕಳಿಸು, ಇಲ್ಲದಿದ್ದರೆ ಇದನ್ನು ನಿಮ್ಮಪ್ಪನಿಗೆ ಕಳಿಸ್ತೀನಿ." ಅವನು ಬಲೆ ಬೀಸುವುದು ಅಚ್ಚ ಕನ್ನಡದಲ್ಲಿ. ನಾವು ಎಚ್ಚರಿಕೆ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ! ಹೇಳಿ, ಯಾರು ಗೆಲ್ಲುತ್ತಾರೆ?

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಸಾಲ ಮಾಡಿ ಮಕ್ಕಳ ಕೈಗೆ ಮೊಬೈಲ್ ಕೊಟ್ಟವರು ನಾವೇ. ಶಾಲೆ ತೆರೆಯಿತು, ಮೊಬೈಲ್ ವಾಪಸು ಬರಲಿಲ್ಲ. ಈಜು ಕಲಿಸದೆ ಕೆರೆಗೆ ಇಳಿಸಿದ್ದೇವೆ. ಈಗ ಶಾಲೆಗಳಲ್ಲಿ ನಡೆಯುವ 'ಜಾಗೃತಿ ಕಾರ್ಯಕ್ರಮ' ನೀವೂ ನೋಡಿರುತ್ತೀರಿ: ಪ್ರಾರ್ಥನೆ, ಸ್ವಾಗತ, ಹಾರ, ಒಂದು ಗಂಟೆ ಭಾಷಣ, ವಂದನಾರ್ಪಣೆ, ಪೇಪರಿಗೊಂದು ಫೋಟೊ. ಮಕ್ಕಳಿಗೆ ಉಳಿಯುವುದು ಬಿಸ್ಕತ್ತು.

ಇನ್ನೊಂದು ಮಾತು ಹೇಳಲೇಬೇಕು. ಹಿಂದೊಮ್ಮೆ ಯೂನಿಫಾರ್ಮಿನಲ್ಲಿದ್ದ ಹುಡುಗಿಯೊಬ್ಬಳು ಪ್ರಿಂಟ್ ತೆಗೆಸಲು ಬಂದಳು. ಕಾಸು ಕೊಟ್ಟ ಮೇಲೂ ನಿಂತೇ ಇದ್ದಳು. "ಅಂಕಲ್, ನನ್ನ ಫೋನಲ್ಲಿ ಫೋಟೊ ಡಿಲೀಟ್ ಮಾಡಿದ್ರೆ ಬೇರೆಯವರ ಫೋನಲ್ಲೂ ಹೋಗುತ್ತಾ?" ನಾನು ಕಟಿಂಗ್ ಮೆಷಿನ್ ಮುಂದಿದ್ದೆ. ತಲೆ ಎತ್ತದೆ "ಇಲ್ಲಮ್ಮಾ" ಅಂದೆ. ಹೋದಳು. ಆ ಮಗು ಅದನ್ನು ಯಾಕೆ ಕೇಳಿತು ಅಂತ ಹೊಳೆದಿದ್ದು ರಾತ್ರಿ ಷಟರ್ ಎಳೆಯುವಾಗ. ಮತ್ತೆ ಆಕೆ ನನ್ನ ಅಂಗಡಿಗೆ ಬರಲಿಲ್ಲ.

ಅಂದು ಏನು ಹೇಳಬೇಕಿತ್ತು ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ಮಕ್ಕಳ ಸಹಾಯವಾಣಿ 1098 ಇದೆ, ಕಾಸಿಲ್ಲದೆ ಮಾತಾಡಬಹುದು. ನಮ್ಮ ತುಮಕೂರಿನಲ್ಲೇ ಸೈಬರ್ ಅಪರಾಧಕ್ಕೆ ಸಿ.ಇ.ಎನ್. ಪೊಲೀಸ್ ಠಾಣೆ ಇದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೆಸರು ಪೇಪರಿಗೆ ಬರುವಂತಿಲ್ಲ. 'ಟೇಕ್ ಇಟ್ ಡೌನ್' ಅನ್ನುವ ಅಮೆರಿಕದ ಉಚಿತ ಸೇವೆಯೊಂದಿದೆ. 18 ತುಂಬುವ ಮೊದಲು ತೆಗೆದ ಬೆತ್ತಲೆ ಚಿತ್ರ ಹರಡದಂತೆ ತಡೆಯಲು ಅದು ನೆರವಾಗುತ್ತದೆ. ಚಿತ್ರ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರ ಬೆರಳಚ್ಚಿನಂಥ ಗುರುತು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಆ ಗುರುತಿನಿಂದ ಚಿತ್ರ ಹುಡುಕಿ ತೆಗೆಯುತ್ತವೆ. ವಾಟ್ಸಾಪ್‌ನ ಖಾಸಗಿ ಸಂದೇಶಕ್ಕೆ ಇದು ತಟ್ಟದು. ಆದರೂ ಅಷ್ಟಾದರೂ ಇದೆಯಲ್ಲ! ನಲವತ್ತು ದಾಟಿದ, ಪಿ.ಯು.ಸಿ. ಓದಿದ ನನಗೇ ಗೊತ್ತಿರಲಿಲ್ಲ. ಆ ಹುಡುಗಿಗೆ ಯಾರು ಹೇಳಬೇಕಿತ್ತು?

ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆಯನ್ನೇ ನಿಷೇಧಿಸಿದೆ. ನಮ್ಮಲ್ಲಿ ಅಪ್ಪನ ನಂಬರಿನಲ್ಲೇ ಮಗನ ಖಾತೆ. ಬೀಗ ಹಾಕಿದರೂ ಬೀಗದ ಕೈ ಮಗನ ಹತ್ತಿರವೇ. ಆದ್ದರಿಂದ ಪಾಠ ಬೇಕು, ಪಠ್ಯಪುಸ್ತಕದಲ್ಲಿ ಬೇಕು, ಕನ್ನಡದಲ್ಲಿ ಬೇಕು. ದುಡ್ಡು ಬರಬೇಕಾದರೆ ಯು.ಪಿ.ಐ. ಪಿನ್ ಒತ್ತುವ ಅಗತ್ಯವಿಲ್ಲ, ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡು ಅಂತ ಮಗು ಮನೆಗೆ ಹೋಗಿ ಅಜ್ಜಿಗೂ ಹೇಳಬೇಕು. ಫಾರ್ವರ್ಡ್ ಒತ್ತುವ ಮುಂಚೆ ಬೀದರ್ ಜಿಲ್ಲೆಯ ಮುರ್ಕಿ ನೆನಪಾಗಬೇಕು. 2018ರ ಜುಲೈನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹಬ್ಬಿಸಿ, ಹೈದರಾಬಾದಿನ ಇಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದ ಊರು ಅದು. ಎಲ್ಲಕ್ಕಿಂತ ಮೊದಲು ಮೇಷ್ಟ್ರು ಒಂದು ಮಾತು ಕೊಡಬೇಕು: "ತಪ್ಪಾಗಿದ್ರೂ ಬಂದು ಹೇಳು, ಹೊಡೆಯೋದಿಲ್ಲ, ಶಾಲೆ ಬಿಡಿಸೋದಿಲ್ಲ." ಈ ಭಯ ಇರುವುದರಿಂದಲೇ ಆ ಕಳ್ಳನ ವ್ಯಾಪಾರ ನಡೆಯುತ್ತಿರುವುದು.

ಸರ್ಕಾರ ಪಾಠ ಬರೆಸುವ ತನಕ ಕಾಯಬೇಕೇ? ನೀವು ಓದಿದ ಕನ್ನಡ ಶಾಲೆ ಇನ್ನೂ ಅಲ್ಲೇ ಇದೆ. ಫೋನಿನ ಒಳಹೊರಗು ನಿಮಗೆ ಗೊತ್ತು. ಒಂದು ಶನಿವಾರ ಹೋಗಿ, ಭಾಷಣ ಬೇಡ, ಫೋನ್ ಹಿಡಿದು ತೋರಿಸಿ. ಹಂಚುವ ಹಾಳೆ ನಾನು ಅಚ್ಚು ಹಾಕಿಕೊಡುತ್ತೇನೆ, ಕಾಗದವೂ ನನ್ನದೇ. ಒಂದು ಪದಕ್ಕೆ ಮಾತ್ರ ತಡವರಿಸುತ್ತಿದ್ದೇನೆ. ಗ್ರೂಮಿಂಗ್‌ಗೆ ಸದ್ಯಕ್ಕೆ 'ಸ್ನೇಹದ ಗಾಳ' ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಪ್ರೆಸ್ಸಿಗೆ ಬಂದು ಹೇಳಿ. ಪ್ಲೇಟ್ ಇನ್ನೂ ಮಾಡಿಸಿಲ್ಲ.