ಮಲೆನಾಡಿನ ಹಳಿಗೆ ಒಂದು ಕಿರುರೂಪ

ಬೀರೂರಿನಿಂದ ಹೊರಟು ಶಿವಮೊಗ್ಗೆಯಲ್ಲಿಯೇ ದಶಕಗಳ ಕಾಲ ನಿಂತಿದ್ದ ಮೀಟರ್ ಗೇಜ್ ಹಳಿಯು, ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು 1940ರಲ್ಲಿ ತಾಳಗುಪ್ಪವನ್ನು ಮುಟ್ಟಿದಾಗ, ಮಲೆನಾಡಿನ ಅಡಕೆಗೂ ಮರಮಟ್ಟಿಗೂ, ಜೋಗವನ್ನು ಕಾಣಲು ಹೊರಟವರಿಗೂ ಹೊಸದೊಂದು ಮಾರ್ಗ ದೊರೆಯಿತು. ಮೈಸೂರು ಸಂಸ್ಥಾನದ ಕಾಲದ ಆ ಮಾರ್ಗವು 1951ರಲ್ಲಿ ದಕ್ಷಿಣ ರೈಲ್ವೆಯನ್ನು ಸೇರಿ, ಉಗಿಬಂಡಿಯ ಯುಗವನ್ನೂ ಅನಂತರದ ರೈಲ್ ಬಸ್ಸಿನ ದಿನಗಳನ್ನೂ ಕಂಡು, 2011ರ ಹೊತ್ತಿಗೆ ಬ್ರಾಡ್ ಗೇಜ್ ಆಗಿ ಪರಿವರ್ತಿತವಾಯಿತು. ಆ ಪರಿವರ್ತನೆ ಅವಶ್ಯವಾಗಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಿತ್ತುಹೋದ ಹಳಿಯ ಸ್ವರೂಪವನ್ನು ಮುಂದಿನವರ ಕಣ್ಣಿಗೆ ಕಾಣಿಸಬೇಕಾದ ಹೊಣೆ ನಮ್ಮದೇ ಆಗಿದೆ. ಆ ಹೊಣೆಯನ್ನು ಮಾದರಿ ರೈಲಿನ ಹವ್ಯಾಸವು ಶ್ರದ್ಧೆಯಿಂದ ವಹಿಸಬಲ್ಲುದೆಂಬುದೂ, ಅದಕ್ಕೆ ಆನಂದಪುರವೇ ತಕ್ಕ ನೆಲೆಯೆಂಬುದೂ ನನ್ನ ಅಭಿಪ್ರಾಯ.

ಮೇಜಿನ ಮೇಲೆ ಹಳಿ ಹಾಸಿ, ಗುಡ್ಡ ತೋಪುಗಳನ್ನು ರಚಿಸಿ, ಎಂಜಿನ್ನು ಬೋಗಿಗಳನ್ನು ಒಂದೊಂದಾಗಿ ಕೂಡಿಸುವ ಈ ಹವ್ಯಾಸಕ್ಕೆ ಜರ್ಮನಿಯ ಮಾರ್ಕ್ಲಿನ್, ಇಂಗ್ಲೆಂಡಿನ ಹಾರ್ನ್‌ಬಿ ಮೊದಲಾದ ಸಂಸ್ಥೆಗಳು ಬಹುಕಾಲದಿಂದ ಸಾಮಗ್ರಿ ಒದಗಿಸುತ್ತಿವೆ. ಅವುಗಳ ಪಟ್ಟಿಗಳನ್ನು ತೆರೆದವನಿಗೆ ಕಂಡದ್ದೆಲ್ಲವೂ ಬೇಕೆನಿಸುವುದು ಸಹಜ. ಹಿಮ ಜಾರಲೆಂದು ಕಡಿದಾದ ಮಾಡಿಟ್ಟ ಮನೆ, ಆಲ್ಪ್ಸ್ ಪರ್ವತದ ಸೇತುವೆ, ಅಮೆರಿಕದ ಸರಕುಗಾಡಿ ಎಲ್ಲವೂ ಒಂದೇ ಮಣೆಯ ಮೇಲೆ ಬಂದು ನೆರೆಯುತ್ತವೆ. ಅವುಗಳ ಕುಶಲತೆಯನ್ನು ನಾನು ಗೌರವಿಸುತ್ತೇನೆ. ಆದರೂ ಒಂದು ಊರನ್ನೂ ಒಂದು ಕಾಲವನ್ನೂ ಮೊದಲು ನಿಶ್ಚಯಿಸಿಕೊಂಡು, ಆ ಹಳಿಯ ಮೇಲೆ ಓಡಿದುದನ್ನೂ ಅದರ ಮಗ್ಗುಲಲ್ಲಿ ನಿಂತುದನ್ನೂ ಮಾತ್ರ ಬರಮಾಡಿಕೊಳ್ಳುವ ಸಂಗ್ರಹಕ್ಕೆ ಇರುವ ಸತ್ತ್ವ ಬೇರೆ. ಅಲ್ಲಿ ಹೊಸದಾಗಿ ಸೇರುವ ಪ್ರತಿಯೊಂದು ವಸ್ತುವೂ, ಇದು ಇಲ್ಲಿ ಇದ್ದಿತೇ ಎಂಬ ಪರೀಕ್ಷೆಯನ್ನು ದಾಟಿಯೇ ಬರಬೇಕಾಗುತ್ತದೆ.

ಅಳತೆಯೂ ಇದೇ ಸಂಯಮವನ್ನು ಕಲಿಸುತ್ತದೆ. ಲೋಕದಲ್ಲಿ ಹೆಚ್ಚು ಪ್ರಚಾರದಲ್ಲಿರುವ ಎಚ್.ಒ. ಪ್ರಮಾಣದಲ್ಲಿ ನಿಜವಸ್ತುವಿನ 87ರಲ್ಲಿ ಒಂದು ಪಾಲನ್ನು ಮಾತ್ರ ಮಾಡುತ್ತಾರೆ. ಆದರೂ ಒಂದು ಕಿಲೋಮೀಟರ್ ಹಳಿಗೆ ಹನ್ನೊಂದೂವರೆ ಮೀಟರ್ ಉದ್ದದ ಕೋಣೆ ಬೇಕು. ಶಿವಮೊಗ್ಗೆಯಿಂದ ತಾಳಗುಪ್ಪದವರೆಗಿನ ಸಮಸ್ತವನ್ನೂ ಮಾಡಹೊರಟರೆ ಯಾವ ಭವನವೂ ಸಾಲದು. ಒಂದೇ ನಿಲ್ದಾಣವನ್ನು, ಅಂದರೆ ಸಾಗರ, ಶಿಕಾರಿಪುರ, ಹೊಸನಗರಗಳ ರಸ್ತೆಗಳು ಕೂಡುವ ಆನಂದಪುರವನ್ನು, ಆರಿಸಿಕೊಂಡರೆ ಕಾರ್ಯ ಸಾಧ್ಯವಾಗುತ್ತದೆ.

ಹಳಿಯನ್ನು ಕೊಳ್ಳುವುದೇ ಲೇಸು. ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಯೂ ಮೀಟರ್ ಗೇಜೇ ಆದುದರಿಂದ, ಅದರ ಮಾದರಿಗಳಿಗಾಗಿ ತಯಾರಾಗುವ 12 ಮಿಲಿಮೀಟರ್ ಅಗಲದ ಹಳಿ ನಮ್ಮ ಮಾರ್ಗಕ್ಕೂ ಹೊಂದುತ್ತದೆ. ಚಕ್ರ, ಮೋಟಾರುಗಳನ್ನೂ ಹೊರಗಿನಿಂದಲೇ ತರಿಸಬಹುದು. ಆದರೆ 1949ರಿಂದ ಭಾರತದ ಮೀಟರ್ ಗೇಜ್ ಮಾರ್ಗಗಳಿಗೆ ಬಂದ ವೈ.ಪಿ. ವರ್ಗದ ಉಗಿ ಎಂಜಿನ್ನಿನ ಒಡಲನ್ನು ಕೈಯಿಂದಲೇ ಕಟ್ಟಬೇಕು. ಅದರ ಚಾಲಕ ಚಕ್ರದ ವ್ಯಾಸ 4 ಅಡಿ 6 ಅಂಗುಲ. ಮಾದರಿಯಲ್ಲಿ ಅದು 16 ಮಿಲಿಮೀಟರಿಗೂ ತುಸು ಕಡಿಮೆ. ಪ್ರಯಾಣಿಕರ ಬೋಗಿಯು ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರವಿದ್ದರೆ, ಅದರ ಪಕ್ಕದ ಐವತ್ತು ಅಡಿಯ ಅಡಕೆಮರವು ಹದಿನೇಳು ಸೆಂಟಿಮೀಟರನ್ನು ಮೀರಿ ನಿಲ್ಲಬೇಕು. ಮಾದರಿ ಮಾಡುವವರು ಸ್ಥಳದ ಉಳಿತಾಯಕ್ಕಾಗಿ ಮರಗಳನ್ನು ಗಿಡ್ಡವಾಗಿಸುವುದುಂಟು. ಮಲೆನಾಡಿನಲ್ಲಿ ಹಾಗೆ ಮಾಡಿದರೆ ನಾಡೇ ಸುಳ್ಳಾಗುತ್ತದೆ. ಇಲ್ಲಿ ತೋಟದ ನೆರಳಿನಲ್ಲಿ ರೈಲು ಸಣ್ಣದಾಗಿ ಕಾಣಬೇಕಾದುದೇ ಸತ್ಯ.

ಇಂಥ ಮರಗಳನ್ನೂ, ಒಂದೊಂದೂ ಐದು ಮಿಲಿಮೀಟರಿಗಿಂತ ಕಿರಿದಾದ ಮಂಗಳೂರು ಹೆಂಚುಗಳನ್ನೂ ಮಾಡಬಲ್ಲ ಕೈಗಳು ಎಲ್ಲಿವೆಯೆಂದು ದೂರ ಅರಸಬೇಕಾಗಿಲ್ಲ. ಶ್ರೀಗಂಧದ ಕೊರಡಿನಲ್ಲಿ ದೇವತೆಗಳ ಬೆರಳಿನ ಉಗುರನ್ನು ಕೂಡ ಕಡೆಯುವ, ಮದುವೆಯ ಬಾಸಿಂಗಕ್ಕಾಗಿ ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳುವ ಗುಡಿಗಾರರು ಸಾಗರ, ಸೊರಬಗಳಲ್ಲಿಯೇ ಇದ್ದಾರೆ. ಅಡಕೆಯ ಸೋಗೆಗೆ ಬೆಂಡಿಗಿಂತ ಹಗುರವಾದ ದ್ರವ್ಯ ಯಾವುದಿದೆ? ವಿದೇಶದ ಪೆಟ್ಟಿಗೆಗಳಿಗೆ ವ್ಯಯವಾಗುವ ಹಣದ ಒಂದಂಶವಾದರೂ ಈ ಕುಶಲಿಗಳಿಗೆ ಸಂದರೆ, ಹವ್ಯಾಸಕ್ಕೂ ಕಸುಬಿಗೂ ಶ್ರೇಯಸ್ಸು. ನಮ್ಮ ಮಳೆಗಾಲದ ತೇವಕ್ಕೆ ರಟ್ಟು ಉಬ್ಬಿ, ಅಂಟು ಬಿಟ್ಟು, ಬೂಷ್ಟು ಹಿಡಿಯುವುದನ್ನು ಬಲ್ಲವರು ಮರಕ್ಕೇ ಹೆಚ್ಚು ಒಲಿಯುವರು.

ಪುಣೆಯಲ್ಲಿ ಜೋಶಿಯವರ ಕಿರು ರೈಲಿನ ಸಂಗ್ರಹಾಲಯವು 1998ರಿಂದ ಜನರಿಗೆ ತೆರೆದಿದ್ದು, ಒಬ್ಬ ವ್ಯಕ್ತಿಯ ಪ್ರೀತಿಯಿಂದ ಮೊದಲಾದ ಕೆಲಸವು ಸಾರ್ವಜನಿಕ ಸಂಪತ್ತಾಗಬಹುದೆಂಬುದಕ್ಕೆ ನಿದರ್ಶನವಾಗಿದೆ. ನಮ್ಮ ಸಮೀಪದ ಅರಸಾಳಿನಲ್ಲಿ, ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಹಳೆಯ ನಿಲ್ದಾಣವನ್ನು 2020ರಲ್ಲಿ ಜೀರ್ಣೋದ್ಧಾರಗೊಳಿಸಿ ಸಂಗ್ರಹಾಲಯವನ್ನಾಗಿಸಿದುದು ಸ್ತುತ್ಯವಾದ ಕಾರ್ಯ. ಮಾಲ್ಗುಡಿಯೆಂಬ ಕಲ್ಪನೆಯ ಊರಿಗೆ ಅಷ್ಟು ಗೌರವವನ್ನು ಸಲ್ಲಿಸಿದ ನಾಡು, ಮುಂದಿನ ನಿಲ್ದಾಣಗಳಲ್ಲಿ ಒಂದಾದ ಆನಂದಪುರದ ನಿಜಸ್ವರೂಪಕ್ಕೂ ಒಂದು ಕೋಣೆಯನ್ನು ಕೊಡಲಾರದೇ?

ರೈಲ್ವೆಯ ನಕ್ಷೆಗಳು ದೊರೆತರೆ ಉತ್ತಮವೇ ಸರಿ. ಆದರೆ ಈ ಸಂಗ್ರಹಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದುದು ಮನೆಮನೆಯ ಟ್ರಂಕುಗಳಲ್ಲಿರುವ ಹಳೆಯ ಭಾವಚಿತ್ರಗಳು. ದಿಬ್ಬಣದವರು ಪ್ಲಾಟ್‌ಫಾರಂ ಮೇಲೆ ಸಾಲಾಗಿ ನಿಂತು ತೆಗೆಸಿಕೊಂಡ ಒಂದು ಚಿತ್ರ ಸಿಕ್ಕಿದರೆ, ಅದರಲ್ಲಿ ನಿಂತವರ ಎತ್ತರವನ್ನು ಬಲ್ಲವರಿಂದ ಕೇಳಿ, ಹಿಂದಿನ ಕಂಬದ, ಸೂರಿನ, ಊರ ಹೆಸರಿನ ಹಲಗೆಯ ಅಳತೆಗಳನ್ನು ಲೆಕ್ಕಹಾಕಿ ಪಡೆಯಬಹುದು. ಯಾವ ಬಣ್ಣ ಎಲ್ಲಿದ್ದಿತೆಂಬುದನ್ನು ಆ ಮನೆಯ ಹಿರಿಯರೇ ಹೇಳಿಯಾರು. ಆನಂದಪುರ, ಕೆಂಚನಾಲ, ಕುಂಸಿಗಳ ಶಾಲೆಯ ಮಕ್ಕಳನ್ನು ಈ ಬೇಸಗೆಯ ರಜೆಯಲ್ಲಿಯೇ ಇಂಥ ಚಿತ್ರಗಳನ್ನು ಕೇಳಿ ತರಲು, ಹಿರಿಯರ ಮಾತನ್ನು ಬರೆದಿಡಲು ಕಳುಹಿಸಬೇಕೆಂದು ಉಪಾಧ್ಯಾಯರಲ್ಲಿ ನನ್ನ ವಿನಂತಿ.