ದೊಡ್ಡಕ್ಷರವಿಲ್ಲದ ಭಾಷೆಯ ಮಕ್ಕಳು

ಕಳೆದ ವಾರ ಎದುರು ಮನೆಯ ಹುಡುಗ ಇಂಗ್ಲಿಷ್ ವ್ಯಾಕರಣದ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ಆರನೆಯ ತರಗತಿಯವನು. ವಾಕ್ಯಗಳಲ್ಲಿರುವ ಕಾಮನ್ ನೌನ್ ಮತ್ತು ಪ್ರಾಪರ್ ನೌನ್‌ಗಳನ್ನು ಬೇರ್ಪಡಿಸುವ ಅಭ್ಯಾಸ. "ಇದು ಸುಲಭ ಅಜ್ಜ. ದೊಡ್ಡಕ್ಷರ ಇದ್ರೆ ಪ್ರಾಪರ್, ಇಲ್ದಿದ್ರೆ ಕಾಮನ್" ಎಂದ. ಒಂದು ವಾಕ್ಯ 'ರಿವರ್ಸ್' ಎಂಬ ಪದದಿಂದಲೇ ಆರಂಭವಾಗಿತ್ತು. ವಾಕ್ಯದ ಮೊದಲ ಪದವಾದ್ದರಿಂದ ಅದಕ್ಕೆ ದೊಡ್ಡಕ್ಷರ. ಹುಡುಗ ಅದನ್ನು ನಿಸ್ಸಂಕೋಚವಾಗಿ ಪ್ರಾಪರ್ ನೌನ್‌ಗಳ ಸಾಲಿಗೆ ಸೇರಿಸಿದ್ದ. ಲೋಕದ ನದಿಗಳೆಲ್ಲ ಸೇರಿ ಒಂದೇ ಅಂಕಿತನಾಮವಾಗಿಬಿಟ್ಟಿದ್ದವು!

ಹೀಗೆ ಯಾರು ಹೇಳಿಕೊಟ್ಟರೆಂದು ನಾನು ಕೇಳಲಿಲ್ಲ. ಕೇಳುವ ನೈತಿಕ ಹಕ್ಕು ನನಗಿರಲಿಲ್ಲ. ಏಕೆಂದರೆ ಬಹುಕಾಲ ನಾನೂ ಹೀಗೆಯೇ ಹೇಳಿಕೊಟ್ಟವನು.

1990ರ ಆಸುಪಾಸಿನ ಮಾತು. ನಾನು ಆಗ ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದೆ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಐದನೆಯ ತರಗತಿಯಲ್ಲಿ ಮೊದಲ ಬಾರಿಗೆ ಎಬಿಸಿಡಿ ಕಂಡವರು. ತಂದೆಯ ಬಗ್ಗೆ ಐದು ವಾಕ್ಯ ಬರೆಯಿರಿ ಎಂದಿದ್ದೆ. ಪೇಪರ್ ಟೌನಿನಿಂದ ಬರುತ್ತಿದ್ದ ಒಬ್ಬ ಹುಡುಗಿ, 'ಮೈ ಫಾದರ್ ವರ್ಕ್ಸ್ ಇನ್ ದ ಫ್ಯಾಕ್ಟರಿ' ಎಂದು ಬರೆದಿದ್ದಳು. ಈ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದರೆ ತಪ್ಪು ಕಾಣುವುದೇ ಇಲ್ಲ, ನೋಡಿ. ಅವಳು ಫ್ಯಾಕ್ಟರಿಯ 'ಎಫ್' ಅನ್ನು ದೊಡ್ಡದಾಗಿ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಅದನ್ನು ಸುತ್ತಿ ಅರ್ಧ ಅಂಕ ಕಳೆದೆ.

ಹುಡುಗಿ ಪುಸ್ತಕ ಹಿಡಿದು ಮೇಜಿನ ಬಳಿಗೆ ಬಂದಳು. "ಸಾರ್, ಫ್ಯಾಕ್ಟರಿ ಅಂದ್ರೆ ಒಂದೇ ಅಲ್ವಾ ಸಾರ್? ಎಲ್ರಿಗೂ ಗೊತ್ತಲ್ಲ?" ಎಂದಳು. ನಾನು, "ರೂಲ್ ಅಂದ್ರೆ ರೂಲ್. ಹೋಗಿ ಕೂತ್ಕೋ" ಎಂದೆ. ಹೋಗಿ ಕುಳಿತಳು. ಆ ವರ್ಷ ಮತ್ತೆಂದೂ ಅವಳು ಎದ್ದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಅವಳ ಪ್ರಶ್ನೆಯಲ್ಲಿ ಪ್ರಾಪರ್ ನೌನ್‌ನ ತಿರುಳೇ ಇತ್ತು. ಒಂದೇ ಒಂದು ವಸ್ತುವನ್ನು ಗುರುತಿಸುವ ಹೆಸರು ಪ್ರಾಪರ್ ನೌನ್ ಎಂದು ನಾನೇ ಕಪ್ಪುಹಲಗೆಯ ಮೇಲೆ ಬರೆಸಿದ್ದೆ. ಪೇಪರ್ ಟೌನಿನ ಮಗುವಿಗೆ ಫ್ಯಾಕ್ಟರಿ ಎಂದರೆ ಒಂದೇ: 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ. ಅಪ್ಪ ಹೋಗುವುದು, ಬರುವುದು, ಊಟದ ಡಬ್ಬಿ, ಸಂಬಳ, ಮನೆ ಎಲ್ಲವೂ ಅದರದ್ದೇ. ಅವಳು ನನ್ನ ವ್ಯಾಖ್ಯೆಯನ್ನು ನನಗಿಂತ ಶ್ರದ್ಧೆಯಿಂದ ನಂಬಿದ್ದಳು.

ಹಾಗಾದರೆ ನಾನು ಕೊಡಬೇಕಾಗಿದ್ದ ಉತ್ತರವೇನು? ಅದು ಅದೇ ಕೊಠಡಿಯಲ್ಲಿ, ಅವಳಿಂದ ಎರಡು ಬೆಂಚು ಆಚೆಗೆ ಕುಳಿತಿತ್ತು. ನ್ಯೂ ಟೌನಿನಿಂದ ಬರುತ್ತಿದ್ದ ಹುಡುಗರಿದ್ದರು. ಅವರನ್ನು ಎಬ್ಬಿಸಿ, "ನಿಮ್ಮಪ್ಪ ಎಲ್ಲಿ ಕೆಲಸ ಮಾಡೋದು?" ಎಂದು ಕೇಳಿದ್ದರೆ ಅವರೂ "ಫ್ಯಾಕ್ಟರಿ" ಎನ್ನುತ್ತಿದ್ದರು. ಆದರೆ ಅವರ ಫ್ಯಾಕ್ಟರಿ 1923ರಲ್ಲಿ ಉತ್ಪಾದನೆ ಆರಂಭಿಸಿದ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಬ್ಬಿಣದ ಕಾರ್ಖಾನೆ. ಪದ ಒಂದೇ, ಹೇಳುವವರು ಬದಲಾದರೆ ಬೊಟ್ಟು ಬೇರೆ ಕಡೆಗೆ ತಿರುಗುತ್ತದೆ. ಆದ್ದರಿಂದಲೇ ಅದು ಕಾಮನ್ ನೌನ್. ಅವಳ ವಾಕ್ಯದಲ್ಲಿ ಆ ಒಂದು ಕಾರ್ಖಾನೆಯನ್ನು ತೋರಿಸುವ ಕೆಲಸ ಮಾಡುತ್ತಿದ್ದುದು 'ದ' ಎಂಬ ಪುಟ್ಟ ಪದ. ಮೈಸೂರ್ ಪೇಪರ್ ಮಿಲ್ಸ್ ಎಂದರೆ ಮಾತ್ರ ಯಾರ ಬಾಯಲ್ಲಿ ಬಂದರೂ ಒಂದೇ. ಎರಡು ನಿಮಿಷದ ವಿವರಣೆ. ಅದು ನನಗೆ ಹೊಳೆಯುವ ಹೊತ್ತಿಗೆ ಆ ತಂಡ ಶಾಲೆ ಬಿಟ್ಟುಹೋಗಿತ್ತು.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳಿಲ್ಲ. ರಾಜನಿಗೂ ರಾಗಿಗೂ ಒಂದೇ 'ರಾ'. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಒಂದು ಗುರುತು ಮಾತ್ರ, ಕಾರಣವಲ್ಲ. 'ನಾನು' ಎಂಬರ್ಥದ 'ಐ' ಸರ್ವನಾಮ, ಅದಕ್ಕೂ ದೊಡ್ಡಕ್ಷರವೇ. 'ಇಂಡಿಯನ್' ಎಂಬ ವಿಶೇಷಣಕ್ಕೂ ದೊಡ್ಡಕ್ಷರ. ವಾರ, ತಿಂಗಳುಗಳ ಹೆಸರಿಗೆ ದೊಡ್ಡಕ್ಷರ ಉಂಟು, ಬೇಸಿಗೆ, ಚಳಿಗಾಲಗಳಿಗೆ ಸಾಮಾನ್ಯವಾಗಿ ಇಲ್ಲ. ಗುರುತನ್ನೇ ಕಾರಣವೆಂದು ಕಲಿತ ಮಗು ಓದುವಾಗ ಹೇಗೋ ಪಾರಾಗುತ್ತದೆ. ಬರೆಯಲು ಕುಳಿತಾಗ ಸೋಲುತ್ತದೆ. ಖಾಲಿ ಹಾಳೆಯ ಮೇಲೆ ದೊಡ್ಡಕ್ಷರ ಮೊದಲೇ ಕುಳಿತಿರುವುದಿಲ್ಲವಲ್ಲ!

ವಿಷಾದವೆಂದರೆ, ಕಾರಣವನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಆಗಲೇ ಕಲಿತಿರುತ್ತಾರೆ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ವಿಭಾಗ ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲೇ ಇದೆ. ನದಿ ರೂಢನಾಮ, ತುಂಗೆ ಅಂಕಿತನಾಮ. ಕನ್ನಡ ಪಂಡಿತರು ಬೆಳಿಗ್ಗೆ ಬೋಧಿಸಿದ್ದನ್ನು ಮಧ್ಯಾಹ್ನ ಇಂಗ್ಲಿಷ್ ಮೇಷ್ಟ್ರು ಬಳಸಿಕೊಳ್ಳುವುದಿಲ್ಲ. ಎರಡು ತರಗತಿಗಳ ನಡುವೆ ಗೋಡೆ. ನಿಜ, ಮೂರು ಮತ್ತು ಎರಡರ ಲೆಕ್ಕ ಪೂರ್ತಿ ತಾಳೆಯಾಗುವುದಿಲ್ಲ. ಶಿಕ್ಷಕ, ವ್ಯಾಪಾರಿ ಮುಂತಾದ ಅನ್ವರ್ಥನಾಮಗಳು ಇಂಗ್ಲಿಷಿನಲ್ಲಿ ಕಾಮನ್ ನೌನ್‌ಗಳ ಪಾಲಿಗೆ ಹೋಗುತ್ತವೆ. ಅದನ್ನೂ ಬಿಡಿಸಿ ಹೇಳಿದರಾಯಿತು.

'ಪ್ರಾಪರ್' ಎಂಬ ಪದವೂ ನಮಗೆ ಹೊಸದಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು, "ನಿಮ್ಮದು ಪ್ರಾಪರ್ ಯಾವೂರು?" ಎಂದು ಕೇಳುವುದಿಲ್ಲವೇ? ಸ್ವಂತ ಊರು ಯಾವುದೆಂಬ ಪ್ರಶ್ನೆ ಅದು. ಈ ಪದದ ಲ್ಯಾಟಿನ್ ಮೂಲಕ್ಕೂ 'ಸ್ವಂತದ್ದು' ಎಂದೇ ಅರ್ಥ. ಪ್ರಾಪರ್ ನೌನ್ ಎಂದರೆ ಸ್ವಂತ ಹೆಸರು, 'ಸರಿಯಾದ' ಹೆಸರಲ್ಲ. ಇಷ್ಟು ಹೇಳಿದರೆ ಅರ್ಧ ಪಾಠ ಮುಗಿದಂತೆ.

ಉಳಿದರ್ಧಕ್ಕೆ ನಮ್ಮ ಜಿಲ್ಲೆಯೇ ಪಠ್ಯಪುಸ್ತಕ. ನ್ಯೂ ಟೌನ್ ಎಂಬುದನ್ನು ಕನ್ನಡಿಸಿದರೆ ಹೊಸನಗರ. ಆದರೆ ಭದ್ರಾವತಿಯ ನ್ಯೂ ಟೌನಿನ ಪತ್ರಕ್ಕೆ ಹೊಸನಗರವೆಂದು ವಿಳಾಸ ಬರೆದರೆ ಅದು ಇದೇ ಜಿಲ್ಲೆಯ ಇನ್ನೊಂದು ತಾಲ್ಲೂಕಿಗೆ ಹೋಗಿ ಕುಳಿತೀತು! ಅರ್ಥ ಒಂದೇ, ಊರು ಬೇರೆ. ಹೊಸ ಊರು ಎಂಬ ಕಾಮನ್ ನೌನ್ ಅನುವಾದಕ್ಕೆ ಜಗ್ಗುತ್ತದೆ, ಸ್ವಂತ ಹೆಸರು ಸುಲಭಕ್ಕೆ ಜಗ್ಗುವುದಿಲ್ಲ. ಪೇಪರ್ ಟೌನಿಗೆ ಕಾಗದನಗರವೆಂಬ ಹೆಸರೂ ಉಂಟು. ಜನ ಬಳಸಿ ಒಪ್ಪಿದ್ದರಿಂದ ಅದೂ ಸ್ವಂತ ಹೆಸರೇ ಆಯಿತು. ತುಂಗೆಯೂ ಭದ್ರೆಯೂ ಕೂಡುವ ಜಾಗ ಕೂಡಲಿ. ಅಲ್ಲಿ ಸಾಮಾನ್ಯ ಪದವೇ ಊರ ಹೆಸರಾಗಿ ನಿಂತಿದೆ. ಬೆಂಕಿಪುರವೆಂದಿದ್ದ ಊರು ನದಿಯಿಂದ ಹೆಸರು ಪಡೆದು ಭದ್ರಾವತಿಯಾಯಿತು. ನಮ್ಮ ಶಿವಮೊಗ್ಗದ ಇಂಗ್ಲಿಷ್ ಕಾಗುಣಿತವನ್ನು ನಮ್ಮ ಉಚ್ಚಾರಣೆಗೆ ತಕ್ಕಂತೆ ತಿದ್ದಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು.  ಸ್ವಂತ ಹೆಸರು ಮಾತ್ರ ಅದನ್ನು ಹೊತ್ತವರ ಸೊತ್ತು.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ದೊಡ್ಡಕ್ಷರದ ಮಾತನ್ನು ಕೊನೆಗಿಡಿ. ಇದು ಒಂದು ಬಗೆಯ ಹೆಸರೋ, ಒಂದರ ಸ್ವಂತ ಹೆಸರೋ ಎಂದು ಮೊದಲು ಕೇಳಿ. ಬೇರೆ ಬೀದಿಯ ಮಗು ಇದೇ ಪದ ಹೇಳಿದರೆ ಬೊಟ್ಟು ಎತ್ತ ತಿರುಗುತ್ತದೆ ಎಂದು ಕೇಳಿ. ಉದಾಹರಣೆಗಳನ್ನು ಲಂಡನ್, ಥೇಮ್ಸ್‌ಗಳಿಂದ ತರಬೇಡಿ; ಮಕ್ಕಳು ನಡೆದು ಬಂದ ದಾರಿಯಿಂದಲೇ ಎತ್ತಿಕೊಳ್ಳಿ. ಮತ್ತು ಮಗು ತಪ್ಪಿದಾಗ, ಕೆಂಪು ಪೆನ್ನು ಎತ್ತುವ ಮೊದಲು, ಏಕೆ ಹಾಗೆ ಬರೆದೆ ಎಂದು ವಿಚಾರಿಸಿ.

ಈಚೆಗೆ ಒಮ್ಮೆ ಭದ್ರಾವತಿಗೆ ಹೋಗಿದ್ದೆ. ಕಾಗದ ಕಾರ್ಖಾನೆಯ ಉತ್ಪಾದನೆ 2010ರ ದಶಕದ ನಡುವಿನಲ್ಲೇ ನಿಂತಿತು. ಕಾಗದ ತಯಾರಾಗದಿದ್ದರೂ ಆಟೋದವರು ಇಂದಿಗೂ "ಪೇಪರ್ ಟೌನಾ ಸಾರ್?" ಎಂದೇ ಕೇಳುತ್ತಾರೆ. ಅನ್ವರ್ಥವಾಗಿ ಹುಟ್ಟಿದ ಹೆಸರಿನಿಂದ ಅರ್ಥ ಕಳಚಿ ಬಿದ್ದು ಅಂಕಿತವಷ್ಟೇ ಉಳಿದಿದೆ. ಕೇಶಿರಾಜನ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ, ಇದಕ್ಕಿಂತ ನೋವಿನ ಉದಾಹರಣೆ ನನಗೆ ಸಿಕ್ಕಿಲ್ಲ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಎಲ್ಲಿದ್ದರೂ ಅವಳಿಗೆ ನಾನು ಅರ್ಧ ಅಂಕ ಬಾಕಿ.