ಹಳೆಯ ಚೌಕಟ್ಟಿಗೆ ಯಾವ ಬಿಡಿಭಾಗ?

ಮನೆಯಲ್ಲಿ ಹಳೆಯ ವಸ್ತುವೊಂದು ಸಿಕ್ಕಿತೆಂದರೆ ನಮ್ಮ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದೋ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಮೂಲೆಯಲ್ಲಿ ಕೂರಿಸುತ್ತಾರೆ. ಇಲ್ಲವೇ ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಮೂರನೆಯ ದಾರಿಯೊಂದು ಉಂಟು: ಅದನ್ನು ಮತ್ತೆ ಕೆಲಸಕ್ಕೆ ಹಚ್ಚುವುದು. ಆ ದಾರಿಯೇ ಸರಿಯೆಂದು ವಾದಿಸುವುದು ಈ ಬರಹದ ಉದ್ದೇಶ. ಅದಕ್ಕೆ ನಾನು ಆರಿಸಿಕೊಂಡ ವಸ್ತು ದೊಡ್ಡದೇನೂ ಅಲ್ಲ, ಒಂದು ಬೈಸಿಕಲ್ಲು. ವಾರ್ಷಿಕ ಸಂಚಿಕೆಯ ಗಹನ ವಿಷಯಗಳ ನಡುವೆ ಚೈನು ಪೆಡಲುಗಳ ಮಾತೇಕೆ ಎಂದು ಉಪನ್ಯಾಸಕ ಮಹನೀಯರು ಹುಬ್ಬೇರಿಸಬಹುದು. ಓದಿ ಮುಗಿಸುವವರೆಗೆ ಸಹನೆಯಿರಲೆಂದು ಬೇಡುತ್ತೇನೆ.

ಸೋಲದೇವನಹಳ್ಳಿಯ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ದನಗಳು ಹೋದ ಮೇಲೆ ಖಾಲಿ ಬಿದ್ದ ಗೋದಲಿಯ ಮೇಲುಗಡೆ, ಸೈಕಲ್ಲಿನ ಉಕ್ಕಿನ ಚೌಕಟ್ಟೊಂದು ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ನೇತಾಡುತ್ತಿತ್ತು. ಅದು ನನ್ನ ತಾತನದು. ಎರಡು ಪಕ್ಕಕ್ಕೂ ಹಾಲಿನ ಕ್ಯಾನು ಕಟ್ಟಿಕೊಂಡು, ನಸುಕಿನಲ್ಲಿ ಹೊರಟು, ಚಿಕ್ಕಬಾಣಾವರ ದಾಟಿ ಯಶವಂತಪುರದವರೆಗೆ ಅವರು ಅದನ್ನು ತುಳಿಯುತ್ತಿದ್ದರಂತೆ. ಮುಂದಿನ ಕೊಳವೆಯ ಮೇಲೆ ಕೊಕ್ಕರೆಯ ತಲೆಯಿರುವ ಬಿಲ್ಲೆ. ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ರ‍್ಯಾಲಿ ಕಂಪನಿಯ ಗುರುತು. ಆ ನಗರದ ಕಾರ್ಖಾನೆಯಲ್ಲಿ ಸೈಕಲ್ ತಯಾರಿಕೆ 2002ರಲ್ಲಿ ನಿಂತುಹೋಯಿತು. ನಮ್ಮ ದೇಶದ ಅಟ್ಲಾಸ್ ಕಂಪನಿಯೂ ಸಾಹಿಬಾಬಾದಿನ ಕಾರ್ಖಾನೆಯಲ್ಲಿ 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಉತ್ಪಾದನೆ ನಿಲ್ಲಿಸಿತು. ಕಾರ್ಖಾನೆಗಳಿಗೆ ಆಯಸ್ಸು ಮುಗಿಯಬಹುದು. ಅವು ಮಾಡಿದ ಉಕ್ಕಿಗೆ ಮುಗಿದಿರುವುದಿಲ್ಲ.

ಕಳೆದ ವರ್ಷ ನಗರದ ಹೋಟೆಲೊಂದರವರು ಬಂದು, ಗೋಡೆಯ ಅಲಂಕಾರಕ್ಕೆಂದು ಈ ಚೌಕಟ್ಟನ್ನು 5,000 ರೂಪಾಯಿಗೆ ಕೇಳಿದರು. ಅಪ್ಪ ಕೊಡಲು ಸಿದ್ಧರಾಗಿದ್ದರು. "ಇಲ್ಲಿ ತುಕ್ಕು ಹಿಡಿಯೋದಕ್ಕಿಂತ ವಾಸಿಯಲ್ವೇನೋ? ನಿನ್ನ ಪರೀಕ್ಷೆ ಫೀಜಿಗಾದ್ರೂ ಆಗ್ತದೆ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಕಾಡಿ ಬೇಡಿದ ಮೇಲೆ ಒಂದು ಗಡುವು ಕೊಟ್ಟರು: "ದೀಪಾವಳಿಯೊಳಗೆ ಓಡಿಸಿ ತೋರಿಸು. ಆಗಲಿಲ್ಲ ಅಂದ್ರೆ ಕೊಟ್ಬಿಡೋಣ." ಹೋಟೆಲಿನವರು ಕೊಡುತ್ತೇನೆಂದ ಹಣಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಖರ್ಚು ಮಾಡಬಾರದೆಂದು ನಾನೇ ಇನ್ನೊಂದು ಕಟ್ಟು ಹಾಕಿಕೊಂಡೆ.

ಮೊದಲ ಪ್ರಶ್ನೆ, ಚೌಕಟ್ಟು ಸವಾರಿಗೆ ಯೋಗ್ಯವೇ ಎಂಬುದು. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ. ಕೊಳವೆ ಒಳಗಿನಿಂದ ತುಕ್ಕು ತಿಂದಿರಬಾರದು, ಕೊಳವೆಗಳು ಕೂಡುವಲ್ಲಿನ ಹಿತ್ತಾಳೆಯ ಬೆಸುಗೆ ಬಿರುಕು ಬಿಟ್ಟಿರಬಾರದು. ನಮ್ಮೂರಿನ ಸೈಕಲ್ ಶಾಪಿನ ಯಜಮಾನರು ಚೌಕಟ್ಟು ನೆಟ್ಟಗಿದೆಯೇ ಎಂದು ನೋಡಲು ಒಂದು ದಾರ ತರಿಸಿದರು. ಹಿಂದಿನ ಗಾಲಿ ಕೂರುವ ಒಂದು ಬದಿಯಿಂದ ದಾರವನ್ನು ಹೊರಡಿಸಿ, ಮುಂದಿನ ಕೊಳವೆಯನ್ನು ಬಳಸಿ, ಇನ್ನೊಂದು ಬದಿಗೆ ತಂದು ಬಿಗಿದರು. ಸೀಟಿನ ಕೊಳವೆಯಿಂದ ದಾರಕ್ಕಿರುವ ದೂರ ಎರಡೂ ಕಡೆ ಸಮವಿದ್ದರೆ ಚೌಕಟ್ಟು ನೆಟ್ಟಗಿದೆ ಎಂದರ್ಥ. ಒಂದು ನೂಲಿನ ಎಳೆಯಿಂದ ಇಷ್ಟು ಖಚಿತವಾದ ಪರೀಕ್ಷೆ ಸಾಧ್ಯವೆಂದು ನನಗೆ ತಿಳಿದಿರಲಿಲ್ಲ. ತಾತನ ಚೌಕಟ್ಟು ತೇರ್ಗಡೆಯಾಯಿತು.

ಇನ್ನು ಬಿಡಿಭಾಗಗಳ ಆಯ್ಕೆ. ಇಲ್ಲಿ ನನಗೆ ಇಬ್ಬರು ಸಲಹೆಗಾರರು ಎದುರಾದರು. ಹಳೆಯ ಸೈಕಲ್ ಸಂಗ್ರಹಿಸುವ ಹಿರಿಯರೊಬ್ಬರು, ಪ್ರತಿಯೊಂದು ನಟ್ಟೂ ಆ ಕಾಲದ್ದೇ ಆಗಿರಬೇಕು, ಸಿಗುವವರೆಗೆ ಹತ್ತು ವರ್ಷವಾದರೂ ಕಾಯಬೇಕು ಎಂದರು. ಹೊಸದನ್ನು ಸೇರಿಸಿದರೆ ಅದು ದಾಖಲೆಯನ್ನು ತಿದ್ದಿದಂತೆ ಎಂಬುದು ಅವರ ವಾದ. ಇತಿಹಾಸದ ವಿದ್ಯಾರ್ಥಿಯಾದ ನಾನು ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಇತ್ತ ಸಹಪಾಠಿಯೊಬ್ಬನ ಸಲಹೆ ಬೇರೆ: ಗೇರು ಹಾಕಿಸು, ಡಿಸ್ಕ್ ಬ್ರೇಕು ಹಾಕಿಸು, ಚೌಕಟ್ಟೊಂದು ಹಳೆಯದಿದ್ದರೆ ಸಾಕು. ಅದೂ ಆಗದ ಮಾತಲ್ಲ. ಈಗಿನ ಗೇರಿನ ಗಾಲಿ ಕೂರಲು ಹಿಂದಿನ ಕವಲನ್ನು ಅಗಲಿಸಬೇಕು. ಉಕ್ಕು ಅಷ್ಟಕ್ಕೆ ಬಾಗಿಕೊಡುತ್ತದೆ, ಅಲ್ಯೂಮಿನಿಯಮ್ ಬಾಗಿಕೊಡುವುದಿಲ್ಲ. ಆದರೆ ಡಿಸ್ಕ್ ಬ್ರೇಕಿಗೆ ಆಧಾರವಾಗಿ ಫೋರ್ಕಿಗೆ ಹೊಸ ತುಂಡು ಬೆಸೆಯಬೇಕು, ಆ ಭಾರಕ್ಕೆಂದು ಮಾಡದ ಕೊಳವೆಯ ಮೇಲೆ ಆ ಭಾರ ಹೇರಬೇಕು. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಇಬ್ಬರ ಮಾತನ್ನೂ ಕೇಳಿ ನಾನು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡೆ. ಈ ಭಾಗ ಕೈಕೊಟ್ಟರೆ ಪ್ರಾಣಕ್ಕೆ ಅಪಾಯವೇ? ಇದು ಹೋದರೆ ಮತ್ತೆ ಸಿಕ್ಕೀತೆ? ದಾರಿಯಲ್ಲಿ ಕೆಟ್ಟು ನಿಂತರೆ ನಮ್ಮೂರಿನ ಸೈಕಲ್ ಶಾಪಿನಲ್ಲಿ ರಿಪೇರಿಯಾದೀತೆ? ಪ್ರಾಣದ ಪ್ರಶ್ನೆಯಿದ್ದಲ್ಲಿ ಹಳೆಯದರ ಮೋಹ ಬೇಡ. ಮತ್ತೆ ಸಿಗದ್ದನ್ನು ಕೈಲಾದಮಟ್ಟಿಗೆ ಉಳಿಸಬೇಕು. ಉಳಿದುದೆಲ್ಲ ಊರಿನಲ್ಲಿ ರಿಪೇರಿಯಾಗುವಂಥದ್ದಿರಬೇಕು.

ಈ ಅಳತೆಗೋಲು ಹಿಡಿದು ಗಾಲಿಯಿಂದ ಆರಂಭಿಸಿದೆ. ನಮ್ಮ ದೇಶದ ಸಾಧಾರಣ ಸೈಕಲ್ಲು ಬ್ರಿಟಿಷ್ ಮಾದರಿಯದೇ ಸಂತಾನ. ಆದ್ದರಿಂದ 28 ಅಂಗುಲದ ಗಾಲಿಗೆ ಬೇಕಾದ 28×1½ ಅಳತೆಯ ಟೈರು, ಟ್ಯೂಬು, ಕಡ್ಡಿಗಳು ಇಂದಿಗೂ ಸಿಗುತ್ತವೆ. ಟೈರು ಟ್ಯೂಬುಗಳನ್ನು ಯೋಚಿಸದೆ ಹೊಸದು ತಂದೆ. ಗಾಲಿಯ ನಡುವಿನ ಹಬ್ಬುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಒಳಗಡೆ ಕನ್ನಡಿಯಂತಿದ್ದವು, ಅವನ್ನು ಉಳಿಸಿಕೊಂಡೆ. ಮುಂದಿನದಕ್ಕೆ 32 ತೂತು, ಹಿಂದಿನದಕ್ಕೆ 40. ರಿಮ್ಮು ಕೊಳ್ಳುವವರು ಇದನ್ನು ಎಣಿಸಿಯೇ ಹೋಗಬೇಕು. ಎಣಿಸದೆ 36 ತೂತಿನ ರಿಮ್ಮು ತಂದರೆ ಹಣ ನೀರಿಗೆ ಹಾಕಿದಂತೆ.

ಬ್ರೇಕಿನ ವಿಚಾರದಲ್ಲಿ ಹೆಚ್ಚು ದಿನ ತೊಳಲಾಡಿದೆ. ತಾತನದು ಸರಳು ಬ್ರೇಕು. ಹ್ಯಾಂಡಲಿನಿಂದ ಹೊರಟ ಉಕ್ಕಿನ ಸರಳು ರಬ್ಬರನ್ನು ರಿಮ್ಮಿನ ಒಳಮುಖಕ್ಕೆ ಒತ್ತುತ್ತದೆ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಇದರ ಹಿಡಿತ ಕಡಿಮೆ. ವಯರು ಬ್ರೇಕು ಹಾಕೋಣವೆಂದರೆ ಅದು ರಿಮ್ಮಿನ ಪಕ್ಕವನ್ನು ಹಿಡಿಯುವಂಥದು. ನನ್ನ ರಿಮ್ಮಿಗೆ ಅಂಥ ಚಪ್ಪಟೆ ಪಕ್ಕವಿಲ್ಲ. ಅದಿರುವ 26×1⅜ ಅಳತೆಯ ಗಾಲಿ ಹಾಕಿದರೆ ಟೈರು ಕೂರುವ ವ್ಯಾಸ 635 ಮಿಲಿಮೀಟರಿನಿಂದ 590ಕ್ಕೆ ಇಳಿಯುತ್ತದೆ. ಸೈಕಲ್ಲು ಎರಡು ಸೆಂಟಿಮೀಟರಿಗೂ ಹೆಚ್ಚು ತಗ್ಗಿ, ತಿರುವಿನಲ್ಲಿ ಪೆಡಲು ನೆಲಕ್ಕೆ ತಾಗುವ ಭಯ. ಕೊನೆಗೆ ಸರಳು ಬ್ರೇಕನ್ನೇ ಇಟ್ಟುಕೊಂಡೆ, ಆದರೆ ಹಳೆಯ ಸರಳುಗಳನ್ನಲ್ಲ. ಸರಳು, ರಬ್ಬರು, ಎರಡೂ ರಿಮ್ಮು ಹೊಸವು. ಮಳೆ ಬಂದ ದಿನ ನಿಧಾನವಾಗಿ ಹೋಗುತ್ತೇನೆ, ಬ್ರೇಕನ್ನು ಮುಂಚಿತವಾಗಿ ಹಿಡಿಯುತ್ತೇನೆ. ಇಳಿಜಾರಿನಲ್ಲಿ ಲಾರಿಗಳ ಸಾಲಿದ್ದರೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಇದರಲ್ಲಿ ನಾಚಿಕೆಯಿಲ್ಲ.

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಪೆಡಲಿನ ಅಚ್ಚು ತಿರುಗುವ ಜಾಗದಲ್ಲಿ ಎರಡು ಕಡೆ ಎರಡು ಉಕ್ಕಿನ ಕಪ್ಪುಗಳಿರುತ್ತವೆ. ನನ್ನವು ಗುಳಿಬಿದ್ದು ಸವೆದಿದ್ದವು. ಪೇಟೆಯ ಅಂಗಡಿಯೊಂದರಲ್ಲಿ ಹೊಸ ಕಪ್ಪು ಕೊಂಡೆ. ಕಣ್ಣಿಗೆ ಎರಡೂ ಒಂದೇ ಅಳತೆ. ಇನ್ನೊಂದು ಅಂಗಡಿಯಲ್ಲಿ ಹಾಕಿಸಲು ಹೋದಾಗ ಎರಡು ಸುತ್ತು ಹೋಗಿ ಬಿಗಿಯಾಯಿತು. ಉದ್ದನೆಯ ಸ್ಪ್ಯಾನರು ಹಾಕಿ ಒತ್ತಾಯದಿಂದ ತಿರುಗಿಸಿದರು, ನಾನು ಬೇಡವೆನ್ನಲಿಲ್ಲ. ಚೌಕಟ್ಟಿನೊಳಗಿನ ಮೊದಲ ಥ್ರೆಡ್ಡುಗಳು ಕಿತ್ತುಬಂದವು. ಇಂಗ್ಲಿಷ್ ಮಾದರಿಯ ಸಾಮಾನ್ಯ ಕಪ್ಪಿಗೆ ಒಂದು ಅಂಗುಲದಲ್ಲಿ 24 ಥ್ರೆಡ್ಡು. ರ‍್ಯಾಲಿ ಕಂಪನಿ ಮಾತ್ರ ತನ್ನದೇ ಆದ 26 ಥ್ರೆಡ್ಡಿನ ಅಳತೆ ಇಟ್ಟುಕೊಂಡಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ.

ಅದನ್ನು ನಮ್ಮೂರಿನ ಯಜಮಾನರ ಬಳಿಗೆ ಒಯ್ದಾಗ ಅವರು ಬೈಯಲಿಲ್ಲ. ಹಳೆಯ ಕಪ್ಪನ್ನೂ ಹೊಸ ಕಪ್ಪನ್ನೂ ಥ್ರೆಡ್ಡಿಗೆ ಥ್ರೆಡ್ಡು ಸೇರಿಸಿ ಬೆಳಕಿಗೆ ಹಿಡಿದರು. ಹಲ್ಲುಗಳು ಒಂದಕ್ಕೊಂದು ಕೂರದೆ ನಡುವೆ ಬೆಳಕು ಕಾಣಿಸಿತು. "ಓದಿದೋನು ನೀನು, ಎಣಿಸಿ ತಗೊಂಡು ಬರಬಾರದಾಗಿತ್ತಾ ಮಗಾ?" ಎಂದಷ್ಟೇ ಕೇಳಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನು ನಾನು. ಆ ಒಂದು ಮಾತು ಯಾವ ಬೈಗುಳಕ್ಕಿಂತಲೂ ಚೆನ್ನಾಗಿ ನಾಟಿತು. ಅವರು ಶಾಲೆಗೆ ಹೋದವರಲ್ಲ. ಆದರೆ ಕೊಳ್ಳುವ ಮೊದಲು ಹೋಲಿಸಿ ನೋಡು, ಬಿಗಿಯಾದರೆ ಬಲ ಹಾಕಬೇಡ, ಯಾಕೆಂದು ಕೇಳು ಎಂಬ ಎರಡು ಸೂತ್ರಗಳು ಅವರಲ್ಲಿದ್ದವು. ಮೂರು ವರ್ಷ ಪುಸ್ತಕ ಓದಿದ ನನ್ನಲ್ಲಿ ಆ ಹೊತ್ತಿಗೆ ಅವು ಇರಲಿಲ್ಲ.

ಆಮೇಲೆ ನಾಲ್ಕು ಭಾನುವಾರ ಎಸ್.ಜೆ.ಪಿ. ರಸ್ತೆಯ ಕಡೆ ಗುಜರಿ ಸಾಮಾನುಗಳ ರಾಶಿಯನ್ನು ಕೆದಕಿದೆ. ಜೇಬಿನಲ್ಲಿ ಹಳೆಯ ಕಪ್ಪು, ಕೈಯಲ್ಲಿ ಹೋಲಿಕೆ. ನಾಲ್ಕನೆಯ ಭಾನುವಾರ, ಮುರಿದ ಇನ್ನೊಂದು ರ‍್ಯಾಲಿಯ ಕಪ್ಪುಗಳ ಜೋಡಿ ಸಿಕ್ಕಿತು. ಬಲಗಡೆಯ ಕಪ್ಪಿಗೆ ಎಡ ಥ್ರೆಡ್ಡು. ಅದನ್ನು ಉಲ್ಟಾ ತಿರುಗಿಸಬೇಕು. ಉಳಿದ ಥ್ರೆಡ್ಡುಗಳು ಅದೃಷ್ಟವಶಾತ್ ಹಿಡಿದುಕೊಂಡವು. ಕಾಲಂಗುಲದ ಹೊಸ ಬಾಲುಗಳು, ಬದಿಗೆ 11ರಂತೆ, ಧಾರಾಳವಾಗಿ ಗ್ರೀಸು. ಕೈಯಿಂದ ಒಮ್ಮೆ ತಿರುಗಿಸಿಬಿಟ್ಟರೆ ಅಚ್ಚು ಸದ್ದಿಲ್ಲದೆ ಸುತ್ತುತ್ತಿತ್ತು.

ಕೊಕ್ಕರೆಯ ಆಕಾರ ಕೊರೆದ ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು. ಅದು ಮತ್ತೆ ಸಿಗುವಂಥದಲ್ಲ, ಉಳಿಸಿದೆ. ಹಿಂದಿನ ಫ್ರೀವೀಲು ಸವೆಯುವ ವಸ್ತು, ಹೊಸದು ಬೇಕು. ಹಿಂದೆ ಇದ್ದದ್ದು 18 ಹಲ್ಲಿನದು. ಅದರಲ್ಲಿ ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 6 ಮೀಟರು ಹೋಗುತ್ತದೆ. 20 ಹಲ್ಲಿನದಾದರೆ 5 ಮೀಟರು 35 ಸೆಂಟಿಮೀಟರು. ವೇಗ ಸ್ವಲ್ಪ ತಗ್ಗುತ್ತದೆ, ಏರು ಸುಲಭವಾಗುತ್ತದೆ. ರೈಲು ನಿಲ್ದಾಣಕ್ಕೆ ಪುಸ್ತಕದ ಚೀಲ ಹೊತ್ತು ಹೋಗುವವನಿಗೆ 20 ಹಲ್ಲೇ ಸರಿಯೆಂದು ತೀರ್ಮಾನಿಸಿದೆ. ತಾತನ ತೊಗಲಿನ ಸೀಟು ಹರಿದಿತ್ತು. ಸದ್ಯಕ್ಕೆ ಅಗ್ಗದ ಸೀಟು. ಡೈನಮೋ ಸೊಗಸಾಗಿತ್ತು, ಆದರೆ ಸೈಕಲ್ಲು ನಿಂತೊಡನೆ ದೀಪವೂ ಆರುತ್ತದೆ. ಈಗಿನ ರಸ್ತೆಯಲ್ಲಿ ನಿಂತಾಗಲೇ ಬೆಳಕು ಹೆಚ್ಚು ಬೇಕು; ಆದ್ದರಿಂದ ಬ್ಯಾಟರಿಯ ಎಲ್.ಇ.ಡಿ. ದೀಪ ಹಾಕಿಸಿದೆ.

ಹೀಗೆ ಮಾಡಿದ್ದರಿಂದ ಇತಿಹಾಸಕ್ಕೆ ಅಪಚಾರವಾಯಿತೇ? ತೆಗೆದ ಭಾಗಗಳನ್ನು ನಾನು ಎಸೆಯಲಿಲ್ಲ. ಡೈನಮೋ, ಹಳೆಯ ಸರಳು, ಸವೆದ ಕಪ್ಪು ಎಲ್ಲಕ್ಕೂ ಎಣ್ಣೆ ಸವರಿ, ಚೀಟಿ ಬರೆದು ಡಬ್ಬಿಯಲ್ಲಿಟ್ಟಿದ್ದೇನೆ. ಸಂಗ್ರಾಹಕರ ವಾದಕ್ಕೆ ನಾನು ಸಲ್ಲಿಸಬಹುದಾದ ಗೌರವ ಅದು. ಅದಕ್ಕಿಂತ ಮುಂದೆ ಹೋಗಿ, ಸವಾರಿಯನ್ನೇ ನಿಲ್ಲಿಸಿ ಸೈಕಲ್ಲನ್ನು ಉಳಿಸಬೇಕೆಂದರೆ ಒಪ್ಪಲಾರೆ. ನಮ್ಮೂರಿನದೇ ಒಂದು ಉದಾಹರಣೆ ಕೊಡುತ್ತೇನೆ. 1894ರ ಚಾಮರಾಜೇಂದ್ರ ನೀರು ಸರಬರಾಜು ಯೋಜನೆಯಲ್ಲಿ ಹೆಸರಘಟ್ಟ ಕೆರೆಯ ನೀರು ಸೋಲದೇವನಹಳ್ಳಿಗೆ ಬಂದು, ಇಲ್ಲಿಂದ ಆವಿಯಂತ್ರಗಳ ಬಲದಿಂದ ಮೇಲೇರಿ ಬೆಂಗಳೂರಿಗೆ ಹೋಗುತ್ತಿತ್ತು. ಮುಂದೆ ಆವಿಯ ಜಾಗಕ್ಕೆ ವಿದ್ಯುಚ್ಛಕ್ತಿ ಬಂತು. ಆವಿಯಂತ್ರವೇ ಇರಬೇಕೆಂದು ಹಟ ಹಿಡಿದಿದ್ದರೆ ಊರು ಬಾಯಾರುತ್ತಿತ್ತು. ಯಂತ್ರ ಹಳೆಯದಾಯಿತೆಂದು ನೀರಿನ ದಾರಿಯನ್ನೇ ಕಿತ್ತುಹಾಕಿದ್ದರೂ ಬಾಯಾರುತ್ತಿತ್ತು. ಯಾವುದನ್ನು ಬದಲಿಸಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ವಿವೇಕ ಅಲ್ಲಿ ಬೇಕಾಗಿತ್ತು. ಸೈಕಲ್ಲಿಗೆ ಬೇಕಾದದ್ದೂ ಅಷ್ಟೇ.

ನರಕ ಚತುರ್ದಶಿಯ ಹಿಂದಿನ ಸಂಜೆ ಕೆಲಸ ಮುಗಿಯಿತು. ಖರ್ಚು 4,760 ರೂಪಾಯಿ. ನನ್ನ ಕಟ್ಟಿನೊಳಗೇ ಉಳಿಯಿತು. ಅಪ್ಪ ಬ್ರೇಕು ಹಿಡಿದು ನೋಡಿದರು, ಗಾಲಿ ಎತ್ತಿ ತಿರುಗಿಸಿ ನೋಡಿದರು, ಮಾತಾಡಲಿಲ್ಲ. ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಕರೆಯಲು ಹೋದರೆ ಅಂಗಳದಲ್ಲಿ ಸೈಕಲ್ಲೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ಚಿಕ್ಕಬಾಣಾವರದವರೆಗೆ ಹೋಗಿ ಬಂದರಂತೆ. "ಸೀಟು ಒಂದಂಗುಲ ಇಳಿಸು. ನಿಮ್ಮ ತಾತ ಅಷ್ಟು ಎತ್ತರಕ್ಕೆ ಇಡ್ತಿರಲಿಲ್ಲ" ಎಂದರು. ಹೋಟೆಲಿನವರ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಮಿತ್ರರೇ, ನಿಮ್ಮ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಇಂಥದೊಂದು ಚೌಕಟ್ಟು ಇದ್ದರೆ ಮಾರುವ ಮುನ್ನ ಒಂದು ದಾರ ಕಟ್ಟಿ ನೋಡಿ. ಅದು ನೆಟ್ಟಗಿದ್ದರೆ ಉಳಿದದ್ದನ್ನು ಹುಡುಕಬಹುದು. ಕಪ್ಪು ಕೊಳ್ಳುವಾಗ ಮಾತ್ರ ಥ್ರೆಡ್ಡು ಎಣಿಸಿಕೊಂಡು ಹೋಗಿ.